ವಾಸನೆ ನಿಲ್ಲುವವರೆಗೆ

ಮೂರು ದರಪಟ್ಟಿ ಬಂದಿವೆ.
ಒಂದು ಎವೊರಾದ ಕಂಪನಿಯದು, ಬಣ್ಣದ ಚಿತ್ರಗಳೊಡನೆ:
ನನ್ನ ಪೆಟ್ರೋಲ್ ಬಂಕು ಇರುವಲ್ಲಿ ಹುಲ್ಲು,
ಹುಲ್ಲಿನ ಮೇಲೆ ಯಾರದೋ ಮಗು.
ಮಡಚಿ ಮೇಜಿನ ಕುಂಟುಕಾಲಿಗೆ ಕೊಟ್ಟೆ.
ಇನ್ನೊಂದು ಫೋನಿನಲ್ಲಿ, ಬರೀ ಒಂದು ಅಂಕಿ,
ಭಯವಾಗುವಷ್ಟು ಅಗ್ಗ.
ತೊಟ್ಟಿಗಳನ್ನು ಎಲ್ಲಿಗೆ ಸಾಗಿಸುತ್ತೀರಿ ಎಂದೆ.
"ಅದು ನಿಮಗ್ಯಾಕೆ ಅಮ್ಮ?"
ಇಟ್ಟುಬಿಟ್ಟೆ.

ಮೂರನೆಯವನು ತಾನೇ ಬಂದ, ವಲ್ದೆಮಾರ್,
ಅಲೆಂತೇಜು ಬಯಲಿನಲ್ಲಿ ನಾಯಿಯೂ ಏಳದ ಮೂರು ಗಂಟೆಗೆ.
ನಮಸ್ಕಾರಕ್ಕೂ ಮೊದಲು ಕಾಂಕ್ರೀಟನ್ನು ಹಿಮ್ಮಡಿಯಿಂದ ತಟ್ಟಿದ,
ಕಲ್ಲಂಗಡಿ ಕೊಳ್ಳುವವರು ತಟ್ಟಿ ಕಿವಿಗೊಡುವ ಹಾಗೆ.
"ಎಷ್ಟು ತೊಟ್ಟಿ?"
ಕಾಗದದಲ್ಲಿ ಎರಡು.
"ನೆಲದಲ್ಲಿ?"
ಮೂರು, ಎಂದೆ.
ಅರವತ್ತೆಂಟರಲ್ಲಿ ಅಪ್ಪ ರಾತ್ರೋರಾತ್ರಿ ಹೂತ ಆ ಮೂರನೆಯದನ್ನು
ತೆರಿಗೆಯವರಿಗೆ ಹೇಳಿರಲಿಲ್ಲ, ಪಾದ್ರಿಗೆ ಹೇಳಿರಲಿಲ್ಲ,
ಕಟ್ಟಿಕೊಂಡ ಗಂಡನಿಗೂ.
ಅವನು ತಲೆ ಎತ್ತದೆ ಬರೆದುಕೊಂಡ.

ಹೆದ್ದಾರಿ ಆಚೆ ಸರಿದು ಹನ್ನೊಂದು ವರ್ಷ.
ಬೆಲೆಯ ಫಲಕ ಇನ್ನೂ ಹಳೆಯ ದರ ಹಿಡಿದು ನಿಂತಿದೆ.
ಮಾರುವ ಮುನ್ನ ನೆಲವನ್ನು
ಮೊದಲಿನ ಸ್ಥಿತಿಗೆ ತರತಕ್ಕದ್ದು, ಎನ್ನುತ್ತದೆ ಕಾನೂನು.
ಯಾವ ಮೊದಲು?
ಬಂಕಿಗೂ ಮೊದಲು ಇಲ್ಲಿ ಹಂದಿಗೂಡು.
ಅದಕ್ಕೂ ಮೊದಲು ಗೋಧಿ, ನಮ್ಮದಲ್ಲದ ಗೋಧಿ,
ಅಜ್ಜಿ ಸೊಂಟ ಬಗ್ಗಿಸಿ ಕೊಯ್ದದ್ದು,
ಊಟಕ್ಕೆ ಬೆಳ್ಳುಳ್ಳಿ ಕದಡಿದ ಬಿಸಿನೀರು, ಅದರೊಳಗೆ ಹಳೇ ಬ್ರೆಡ್ಡು.
ಆ ಸ್ಥಿತಿಗೆ ತರುವುದು ಬೇಡ ಮಾರಾಯ, ಎಂದೆ.
ವಲ್ದೆಮಾರ್ ನಗಲಿಲ್ಲ.
"ಮೊದಲು ಅಂದರೆ ಮಣ್ಣಿನ ವರದಿ ಚೊಕ್ಕ ಬರುವುದು. ಅಷ್ಟೇ."

ಎಷ್ಟು ಆಳ ಅಗೆಯಬೇಕು?
"ವಾಸನೆ ನಿಲ್ಲುವವರೆಗೆ.
ಒಟ್ಟು ಮೊತ್ತ ಬರೆದುಕೊಡಲಾರೆ. ಘನ ಮೀಟರಿಗೆ ಇಷ್ಟು.
ಕೆಲವು ಕಡೆ ಎರಡು ಮೀಟರಿಗೇ ಮುಗಿಯುತ್ತದೆ,
ಕೆಲವು ಕಡೆ ಬಾವಿ ತೋಡಿದ ಹಾಗೆ."

ಅಮ್ಮ ಅಪ್ಪನ ಅಂಗಿಗಳನ್ನು ಬೇರೆ ಬಕೆಟ್ಟಿನಲ್ಲಿ ನೆನೆಹಾಕುತ್ತಿದ್ದಳು.
ಬೂದಿ, ಸೋಪು, ನಿಂಬೆ.
ಆದರೂ ಭಾನುವಾರದ ಬಲಿಪೂಜೆಯಲ್ಲಿ
ನಮ್ಮ ಹಿಂದಿನ ಬೆಂಚು ಖಾಲಿ.
ಶಾಲೆಯ ಹುಡುಗರು ನನ್ನ ಜಡೆಯ ಹತ್ತಿರ
ಕಡ್ಡಿ ಗೀರುವಂತೆ ನಟಿಸಿ ಓಡುತ್ತಿದ್ದರು.
ಪೆಟ್ಟಿಗೆ ಮುಚ್ಚುವ ಮುಂಚೆ ಬಗ್ಗಿ ಅಪ್ಪನನ್ನು ಮೂಸಿದೆ.
ಮೇಣ, ಲ್ಯಾವೆಂಡರು,
ಅವೆರಡರ ಅಡಿಯಲ್ಲಿ, ಇತ್ತು.
ಘನ ಮೀಟರಿಗೆ ಇಷ್ಟು.

ಹಿತ್ತಲಲ್ಲಿ ಒಂದು ಬಿರಡೆಯ ಮರ.
ತೊಗಟೆ ಸುಲಿದ ವರ್ಷ ಅದರ ಕೆಂಪು ಮೈಮೇಲೆ
ಸುಣ್ಣದ ಬಿಳುಪಿನಲ್ಲಿ: ಒಂಬತ್ತು.
ಯಂತ್ರ ತಿರುಗಲು ಅಡ್ಡ, ಎಂದ.
ಕಡಿದರೆ ದಂಡ, ಎಂದೆ.
"ಗೊತ್ತು. ಸಣ್ಣ ಯಂತ್ರ ತರುತ್ತೇನೆ. ನಾಲ್ಕು ದಿನ ಜಾಸ್ತಿ."
ಆ ನಾಲ್ಕು ದಿನ ಯಾರ ಲೆಕ್ಕಕ್ಕೆ?
ಅವನು ಮರ ನೋಡಿದ. ನಾನೂ ಮರ ನೋಡಿದೆ.
ಎರಡು ನನಗೆ, ಎರಡು ಅವನಿಗೆ.

ಒಡೆಯುವುದೆಲ್ಲ ಬರೆದಾಯಿತು. ಚಾವಣಿ, ಕಂಬ, ಪಂಪುಗಳು,
ಶೌಚಾಲಯ, ಕೀಲಿ ಕಳೆದುಹೋದ ಆ ಕೋಣೆ.
"ಬಿಡುವುದು ಏನಾದರೂ?"
ಗೋಡೆಯ ನಲ್ಲಿ.
"ಗೋಡೆ ಹೋದಮೇಲೆ ನಲ್ಲಿ ಎಲ್ಲಿ ನಿಲ್ಲುತ್ತದೆ?"
ಅದು ನಿನ್ನ ಕೆಲಸ.
ಕುರಿ ಕಾಯುವ ಬೆನ್ವಿಂದು ಅಲ್ಲಿ ಟೋಪಿ ನೆನೆಸಿಕೊಳ್ಳುತ್ತಾನೆ.
ಸೈಕಲ್ಲಿನ ಜರ್ಮನರು ಬಾಟಲಿ ತುಂಬಿ ದುಡ್ಡಿಗೆ ಕಿಸೆ ತಡಕುತ್ತಾರೆ,
ಬೇಡವೆಂದರೆ ನೀರನ್ನೇ ಅನುಮಾನಿಸುತ್ತಾರೆ.
ಗುಡ್ಡದ ಕೊಳವೆಯ ನೀರು ಅದು, ನಮ್ಮ ನೆಲದ್ದಲ್ಲ.

ಅವನು ಹೋಗಿ ತಿರುಗಿಸಿದ. ಬೊಗಸೆ ಹಿಡಿದು ಮೂಸಿದ.
ಕುಡಿದ. ಇನ್ನೊಂದು ಬೊಗಸೆ ಕುಡಿದ.
"ನಲ್ಲಿಗೆ ಬೇರೆ ದರ," ಎಂದ ಬಾಯಿ ಒರೆಸಿಕೊಳ್ಳುತ್ತಾ.
ಎಷ್ಟು, ಎಂದೆ,
ಕುರ್ಚಿ ಎಳೆದು ನೆರಳಿಗೆ ಹಾಕಿಕೊಂಡು.