ಮೂರನೆಯ ಸದ್ದಿಗೆ

ಒಳಗೆ ಬರಲೇ ಎಂದು ಕೇಳಬಾರದು.
ಕೇಳಿದರೆ ಉತ್ತರ ಬರುತ್ತದೆ.
ಬಾಗಿಲು ತೆರೆದೊಡನೆ ತಲೆ ತಗ್ಗಿಸಿ
ಕಾಲೊರೆಸಿಕೊಳ್ಳಬೇಕು, ಚೊಕ್ಕಟವಾಗಿ, ಎರಡೂ ಕಾಲು.
ಅಷ್ಟು ಒರೆಸಿಕೊಂಡವನನ್ನು ಯಾರೂ
ಹೊಸಿಲಾಚೆ ನಿಲ್ಲಿಸುವುದಿಲ್ಲ.

ಮೊದಲು ನೀರು ಕೇಳು, ಅನ್ನುತ್ತಿದ್ದ ಗುರು ಡೆನ್ಝಿಲ್
ವ್ಯಾನಿನ ಮುಂದಿನ ಸೀಟಿನಲ್ಲಿ ಹಂದಿಮಾಂಸದ ಪೈ ತಿನ್ನುತ್ತ.
ಲೋಟ ಕೊಟ್ಟ ಕೈಗೆ ಕೊಡುವ ಚಟ ಹತ್ತುತ್ತದೆ.
ಸೋಫಾದಲ್ಲಿ ಕೂರಬೇಡ, ಅಲ್ಲಿ ಕೂತವ ಅತಿಥಿ,
ಅತಿಥಿ ಎಂದಾದರೂ ಎದ್ದು ಹೋಗಬೇಕು.
ಅಡುಗೆಮನೆಯ ಮೇಜು ಹಿಡಿ. ಬಟಾಣಿ ಬಿಡಿಸುವುದು,
ಬಿಲ್ಲು ಲೆಕ್ಕ ಹಾಕುವುದು, ಅಳುವುದು ಎಲ್ಲ ಅಲ್ಲೇ.
ಬೇಡ ಅಂದರೆ ಕಿವಿಗೆ ಹಾಕಿಕೊಳ್ಳಬೇಡ:
ಮೊದಲ ಬೇಡ ಅಭ್ಯಾಸ,
ಎರಡನೆಯದು ಅಂಜಿಕೆ,
ಮೂರನೆಯದು ಚೌಕಾಸಿ.
ನಾಲ್ಕನೆಯದರ ಬಗ್ಗೆ ಅವನು ಹೇಳಿರಲಿಲ್ಲ.

ಗ್ರಿಮ್ಸ್‌ಬಿ. ಎಂಬತ್ತಾರರ ನವೆಂಬರ್.
ಮೀನಿನ ಹಡಗುಗಳು ಒಂದೊಂದೇ ಗುಜರಿ ಸೇರಿ
ವಾಸನೆಯೊಂದೇ ಇನ್ನೂ ಕೆಲಸಕ್ಕೆ ಬರುತ್ತಿದ್ದ ಊರು.
ರೈಲು ಗೇಟಿನ ಹಿಂದಿನ ಸಾಲುಮನೆ, ಇಪ್ಪತ್ತೇಳನೆಯದು.
ಎಡಿತ್ ಓಲ್ಡ್‌ರಾಯ್ಡ್, ಒಬ್ಬಳೇ,
ಕಾರ್ಡಿಗನ್ನಿನ ಮೇಲೆ ಇನ್ನೊಂದು ಕಾರ್ಡಿಗನ್.

ಆರೂವರೆಗೆ ಕಾಲೊರೆಸಿಕೊಂಡೆ.
ಏಳಕ್ಕೆ ಸೂಟ್‌ಕೇಸಿನಿಂದ ಕಿಟಕಿಯ ಮೂಲೆ ತೆಗೆದೆ:
ಎರಡು ಗಾಜು, ನಡುವೆ ಬೆರಳಗಲ ಗಾಳಿ, ಬಿಳಿ ಪ್ಲಾಸ್ಟಿಕ್ ಚೌಕಟ್ಟು.
ಕೂಸನ್ನು ಕೊಟ್ಟ ಹಾಗೆ ಅವಳ ಕೈಗೆ ಕೊಟ್ಟೆ,
ಕೈ ತುಂಬಿದವರು ಬಾಗಿಲು ತೋರಿಸಲಾರರು.
ಪಕ್ಕದ ಮನೆಯವರೂ ಕೊಂಡರು, ಎಂದೆ.
ಹೌದೇ, ಎಂದಳು.
ಆ ಮನೆ ಖಾಲಿ ಬಿದ್ದು ಎರಡು ವರ್ಷವಾಗಿತ್ತಂತೆ.
ಎಂಟಕ್ಕೆ ಅವಳ ಕೆಮ್ಮನ್ನು ಕೈಗೆತ್ತಿಕೊಂಡೆ.
ಈಗ ನಾಚಿಕೆಯಾಗುತ್ತದೆ, ಆಗ ಆಗಲಿಲ್ಲ:
ಈ ಥಂಡಿಗೆ ಆ ಎದೆ ಇನ್ನೆಷ್ಟು ದಿನ, ಎಂದೆ.
ಅಷ್ಟರಲ್ಲಿ ಮೂರು ಬೇಡ ಮುಗಿದಿದ್ದವು.
ನೀರು ಕೇಳಿದವನಿಗೆ ನೀರನ್ನೇ ಕೊಟ್ಟಿದ್ದಳು,
ಚಹಾದ ಮಾತೆತ್ತಿರಲಿಲ್ಲ.

ಎಂಟೂಮುಕ್ಕಾಲಿಗೆ ಕೊನೆಯ ಬಾಣ.
ನಿಮಗಾಗಿ ಮ್ಯಾನೇಜರರ ಕಾಲು ಹಿಡಿಯುತ್ತೇನೆ,
ಒಮ್ಮೆ ಫೋನ್ ಮಾಡಲೇ, ಎಂದೆ.
ಆ ಕಡೆ ಯಾವ ಮ್ಯಾನೇಜರೂ ಎಂದೂ ಇರಲಿಲ್ಲ.
ನಾವು ತಿರುಗಿಸುತ್ತಿದ್ದುದು ಗಂಟೆ ಹೇಳುವ ನಂಬರು.
ದಣಿವರಿಯದ ಒಂದು ದನಿ ಹತ್ತು ಸೆಕೆಂಡಿಗೊಮ್ಮೆ
ಇಡೀ ದೇಶಕ್ಕೆ ಹೊತ್ತು ತಿಳಿಸಿ
ಮೂರು ಸದ್ದು ಮಾಡಿ ಮತ್ತೆ ಶುರುವಾಗುತ್ತಿತ್ತು.
ಆ ದನಿಯೊಡನೆ ಜಗಳ ಕಾದೆ. ಅಂಗಲಾಚಿದೆ.
ನನ್ನ ಕಮಿಷನ್ ಹೋಗಲಿ ಬಿಡಿ ಸರ್, ಎಂದೆ.
ನಲವತ್ತು ಪರ್ಸೆಂಟೇ! ಎಂದು ಕಣ್ಣರಳಿಸಿ
ರಿಸೀವರನ್ನು ಎದೆಗೊತ್ತಿಕೊಂಡು ತಿರುಗಿದೆ:
ಇವತ್ತು ರಾತ್ರಿಯೇ ಸಹಿಯಾದರೆ ಮಾತ್ರವಂತೆ.

ಕಿಟಕಿಯ ಮೂಲೆಯನ್ನು ಅವಳು ಮೇಜಿನ ಮೇಲಿಟ್ಟಳು.
ಕೈ ಚಾಚಿದಳು.
ಕೊಟ್ಟುಬಿಟ್ಟೆ, ಯಾಕೆ ಕೊಟ್ಟೆನೋ.
ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ
ಊರಿನ ಮಾತಿಗೆ ಮಾತು ಜೋಡಿಸಿದವಳಂತೆ,
ಡಯಲ್ ತಿರುಗುವ ಕರಕರದಲ್ಲೇ
ನಂಬರು ಓದಬಲ್ಲ ಹೆಂಗಸಂತೆ.
ಅದೆಲ್ಲ ಆಮೇಲೆ ಯಾರೋ ಹೇಳಿದ್ದು.

ಕಣ್ಣು ಮುಚ್ಚಿ ಒಂದು ಸುತ್ತು ಪೂರ್ತಿ ಕೇಳಿದಳು,
ಮೂರನೆಯ ಸದ್ದಿನ ತನಕ.
ಆಗಲಿ ಸರ್, ಎಂದಳು ಆ ದನಿಗೆ, ಬಲು ಮರ್ಯಾದೆಯಿಂದ.
ಆಮೇಲೆ ನನಗೆ:
ಎಂಟು ಐವತ್ತೆರಡಾಯಿತಂತೆ ಮಗೂ.
ಮನೆಗೆ ಹೋಗು ಅನ್ನುತ್ತಿದ್ದಾರೆ ನಿಮ್ಮ ಮ್ಯಾನೇಜರು.

ಹೊರಗೆ ಬಂದು ತಿರುಗಿ ನೋಡಿದೆ.
ಅವಳ ಕಿಟಕಿಯ ಸಂದಿಗೆ ಮಡಚಿ ತುರುಕಿದ ಪೇಪರು,
ಅದರ ಒಂದು ತುದಿ ಕಡಲಗಾಳಿಗೆ ಪಟಪಟ.
ಆ ಮನೆಗೆ ಹೊಸ ಕಿಟಕಿ ಬೇಕೇ ಬೇಕಿತ್ತು.
ಎರಡು ಗಂಟೆ ಇಪ್ಪತ್ತೆರಡು ನಿಮಿಷದಲ್ಲಿ
ನಾನು ಆಡಿದ ನಿಜ ಅದೊಂದೇ.

ಮೂಲೆಯಲ್ಲಿ ವ್ಯಾನು ಕಾಯುತ್ತಿತ್ತು.
ಏನಾಯಿತು, ಎಂದ ಡೆನ್ಝಿಲ್.
ಎಂಟು ಐವತ್ತಾರು, ಎಂದೆ.