ಘೋಸ್ಟ್ ಕ್ಲಿಯರ್

ಗ್ರ್ಯಾವಾಯ್ ರಸ್ತೆ ದಾಟುವ ಮೊದಲು
ನನ್ನ ಅಪ್ಪ ಫಿಕ್ರೆತ್
ಒಂದು ಕೈಯಲ್ಲಿ ಬೇಕರಿ ಚೀಲ, ಇನ್ನೊಂದರಲ್ಲಿ ನನ್ನ ಬೆರಳು ಹಿಡಿದು
'ಘೋಸ್ಟ್ ಕ್ಲಿಯರ್' ಅನ್ನುತ್ತಿದ್ದ.

ಕೋಸ್ಟ್, ಅಪ್ಪ. ಕೋಸ್ಟ್. ಅಂದರೆ ಕಡಲ ದಂಡೆ.
ಎರಡನೇ ಕ್ಲಾಸಿನ ಪಂಡಿತೆ ನಾನು.
ಅಪ್ಪ ಸುತ್ತ ನೋಡಿದ. ಟೈರಿನ ಅಂಗಡಿ, ಲಾಂಡ್ರಿ,
ಆರುನೂರು ಮೈಲಿ ಹೋದರೂ ಉಪ್ಪುನೀರು ಸಿಗದ ಸೇಂಟ್ ಲೂಯಿಸ್.
'ದಂಡೆ ಎಲ್ಲಿದೆ ಇಲ್ಲಿ, ನೀನೇ ತೋರಿಸು.'

ಅವನ ಇಂಗ್ಲಿಷು ಲಾರಿಯಲ್ಲಿ ಬೆಳೆದದ್ದು.
ಅರ್ಧ ರೇಡಿಯೋದ ಗೊರಗೊರದಲ್ಲಿ ಕೇಳಿದ್ದು,
ಅರ್ಧ ವೇಬ್ರಿಜ್ಜಿನ ಸಾಲಿನಲ್ಲಿ ಸಾಲ ತಂದದ್ದು.
ನುಡಿಗಟ್ಟು ಅಂದರೆ ಅವನಿಗೆ ಬರೀ ಕಟ್ಟು:
ಅರ್ಕಾನ್ಸಾದ ಹಲಗೆಗಳ ಮೇಲೆ ಟಾರ್ಪಾಲು ಎಳೆದು
ತನಗೆ ಬಂದ ಗಂಟು ಹಾಕಿ ಬಿಗಿಯುವುದು.
ಮೂರು ರಾಜ್ಯ ದಾಟಿದರೂ
ಒಂದೂ ಬಿಚ್ಚಿಕೊಂಡದ್ದಿಲ್ಲ.

ಕೇಕಿನ ತುಂಡಿನಷ್ಟು ಸುಲಭ ಅನ್ನುವಲ್ಲಿ
'ಬ್ರೆಡ್ಡಿನ ತುಂಡು' ಅನ್ನುವನು.
ಅದೂ ಸುಲಭದ್ದಕ್ಕಲ್ಲ.
ಲೈಸೆನ್ಸಿನ ಪರೀಕ್ಷೆ, ಬ್ಯಾಂಕಿನಿಂದ ಬಂದ ಪತ್ರ,
ಜನವರಿಯ ನಡುರಾತ್ರಿ ಕೈಕೊಟ್ಟ ಗೇರ್‌ಬಾಕ್ಸು.
ಬ್ರೆಡ್ಡಿನ ತುಂಡು, ಎಂದು ಹಣೆ ಒರೆಸಿಕೊಳ್ಳುವನು.

ಅಮ್ಮ ಬೇರೆ ಬಗೆ. ತಪ್ಪೀತೆಂದು ಬಾಯಿಯೇ ತೆರೆಯಳು.
ಹಲ್ಲಿನ ಡಾಕ್ಟರಲ್ಲಿ ಒಮ್ಮೆ
ಬಿಲ್ಲು ನೋಡಿ ಹಿಂಜರಿದಾಗ
ಕೌಂಟರಿನ ಹುಡುಗಿ ಮರುಗಿ ಹೇಳಿದಳು,
'ಏನು ಮಾಡೋದು, ಬುಲೆಟ್ ಕಚ್ಚಲೇಬೇಕು.'
ಆ ಒಂದು ಪದ ಅಮ್ಮನಿಗೆ ಗೊತ್ತಿತ್ತು.
ನನ್ನನ್ನು ನೋಡಿದಳು. ಕೋಟಿನ ಗುಂಡಿ ಹಾಕಿಕೊಂಡಳು,
ಕೊರಳವರೆಗೂ.
'ಬೇಡ, ಥ್ಯಾಂಕ್ಯೂ.
ನಾವು ಮನೆಯಲ್ಲೇ ತಿಂದು ಬಂದಿದ್ದೇವೆ.'

ಹುಡುಗಿ ನಕ್ಕಳು. ನಾನೂ ನಕ್ಕೆ.
ಆ ನಗುವನ್ನು ವಾಪಸು ತೆಗೆದುಕೊಳ್ಳುವ ಕೌಂಟರು
ಈ ಊರಲ್ಲಿ ಎಲ್ಲೂ ಇಲ್ಲ.

ಹೋದ ಮಾರ್ಚಿನಲ್ಲಿ, ಮಂಡಿಯ ಆಪರೇಷನ್ನಾದ ಮೇಲೆ,
ಅದೇ ರಸ್ತೆ, ಅದೇ ಬೇಕರಿ ಚೀಲ.
ಈಗ ಕೈ ಹಿಡಿದವಳು ನಾನು.
ಅವನ ಭುಜಕ್ಕೆ ನನ್ನ ಭುಜ ಸಮನಾಗಿ
ಮೊದಲ ಸಲ ನೋಡಿದೆ, ಅವನು ನೋಡುವ ಕಡೆ.
ಎಡಕ್ಕಲ್ಲ. ಬಲಕ್ಕಲ್ಲ.
ಮೇಲಕ್ಕೆ.
ಮೂರನೇ ಮಹಡಿಯ ಕಿಟಕಿಗಳು, ಒಂದೊಂದಾಗಿ. ಚಾವಣಿಯ ಅಂಚು.

ಸರಾಯೆವೊದಲ್ಲಿ ಅವನಿಗೆ ಇಪ್ಪತ್ತಾರು.
ನೀರಿಗೂ ಸಾಲು, ಬ್ರೆಡ್ಡಿಗೂ ಸಾಲು,
ಸಾಲಿಗೂ ಮನೆಗೂ ನಡುವೆ ಒಂದು ಅಗಲವಾದ ರಸ್ತೆ.
ಇಷ್ಟನ್ನೂ ಹೇಳಿದವಳು ಅಮ್ಮ,
ಪಾತ್ರೆ ತೊಳೆಯುತ್ತಾ, ನಲ್ಲಿ ಜೋರಾಗಿ ಬಿಟ್ಟುಕೊಂಡು.

ಮೇಲೆ ಯಾರೋ ಕಿಟಕಿಯಿಂದ
ಬಿಳಿ ಹಾಸಿಗೆ ಬಟ್ಟೆ ಕೊಡವುತ್ತಿದ್ದರು.
ಅಪ್ಪ ನಿಂತ.
ಹಸಿರು ಬಂತು, ಹೋಯಿತು. ಯಾರೋ ಹಾರ್ನ್ ಹೊಡೆದರು.
ಮತ್ತೆ ಹಸಿರು.
ಬಟ್ಟೆ ಒಳಗೆ ಹೋಯಿತು, ಕಿಟಕಿ ಮುಚ್ಚಿತು.

ಅವನ ಕೈ ಒತ್ತಿ ಹೇಳಿದೆ,
'ಘೋಸ್ಟ್ ಕ್ಲಿಯರ್, ಅಪ್ಪ.'

'ಕೋಸ್ಟ್' ಅಂದ ಅವನು,
ಕೋಲನ್ನು ರಸ್ತೆಗಿಳಿಸುತ್ತಾ.
'ಕೋಸ್ಟ್, ಮಗಳೇ. ಕಡಲ ದಂಡೆ.'