ಇಪ್ಪತ್ತಮೂರು

ಕೊಲಂಬೊ, ಆರನೆಯ ಮಹಡಿ, ರಾತ್ರಿ ಒಂಬತ್ತು.
ಬಿಳಿ ಹಲಗೆಯ ಮೇಲೆ ಎರಡು ಚೌಕ, ನಡುವೆ ಒಂದು ಬಾಣ.
ಎಡಕ್ಕೆ ಆಸ್ಪತ್ರೆ, ಬಲಕ್ಕೆ ರಕ್ತನಿಧಿ.
ಬಾಣವೇ ನಮ್ಮ ಕಸುಬು.

ಬಾಣ ನಡುವೆ ಮುರಿದರೆ? ಎಂದೆ.
ಮತ್ತೆ ಕಳಿಸಬೇಕು, ಎಂದ ಕುಗದಾಸನ್.
ಮುರಿದಿಲ್ಲ, ತಲುಪಿದೆ. ತಲುಪಿತು ಎಂಬ ಮಾತಷ್ಟೇ
ವಾಪಸು ಬರುವಾಗ ಬಿದ್ದುಹೋಗಿದೆ. ಆಗ?
ಆಗಲೂ ಕಳಿಸಬೇಕು. ಇಲ್ಲಿ ಕೂತವರಿಗೆ
ಎರಡೂ ಒಂದೇ ಮೌನ.

ಒಂದು ಬಾಟಲಿ ಕೇಳಿದವರಿಗೆ ಎರಡು ಹೋಗುತ್ತದಲ್ಲ
ಎಂದು ಕೆಂಪು ಪೆನ್ನು ಎತ್ತಿದೆ.
ಕಸಿದುಕೊಂಡು ಬಾಣದ ಮೂಲೆಗೆ
ಪುಟ್ಟದಾಗಿ ಬರೆದ: ೧೪.

ಅಮ್ಮ ಹೀಗೇ ಬರೆಯುತ್ತಿದ್ದಳು.
ಜಾಫ್ನಾದಿಂದ, ದಾರಿ ಮುಚ್ಚಿದ ವರ್ಷಗಳಲ್ಲಿ,
ವವುನಿಯಾದಲ್ಲಿ ಸಿಕ್ಕಿಬಿದ್ದ ಅಪ್ಪನಿಗೆ.
ಒಂದೇ ಕಾಗದಕ್ಕೆ ಮೂರು ಪ್ರತಿ:
ಹಿನ್ನೀರು ದಾಟುವ ಮೀನುಗಾರನ ಕೈಗೆ ಒಂದು,
ಪಾದ್ರಿಯ ಚೀಲಕ್ಕೊಂದು,
ಇನ್ನೊಂದು ಹಡಗಿಗೆ, ಹಡಗು ಬಂದ ತಿಂಗಳು.
ಜಾಮ್ ಬಾಟಲಿಯಲ್ಲಿ ಹತ್ತಿಯ ಬತ್ತಿ, ತೊಟ್ಟು ಸೀಮೆಎಣ್ಣೆ,
ಪ್ರತಿ ಮಾಡುವವನು ನಾನು. ಅಕ್ಷರ ದುಂಡಗಿರಲಿ ಅನ್ನುತ್ತಿದ್ದಳು.

ಮೊದಲು ಬಂದ ಹದಿನಾಲ್ಕನ್ನು ಅಪ್ಪ ಓದಿ
ಆಮೇಲೆ ಬಂದ ಹದಿನಾಲ್ಕರಲ್ಲಿ ಸಕ್ಕರೆ ಕಟ್ಟುತ್ತಿದ್ದನಂತೆ.
ಹದಿನಾರು ಮುಂಚೆ ಬಂದರೆ ಒಡೆಯದೆ
ಜೇಬಿನಲ್ಲಿಟ್ಟು ಹದಿನೈದಕ್ಕೆ ಕಾಯುತ್ತಿದ್ದನಂತೆ,
ತಂಗಿ ಹುಟ್ಟಿದ ಸುದ್ದಿಗಿಂತ
ಹೆಸರಿಟ್ಟ ಸುದ್ದಿ ಮೊದಲು ಬೇಡವೆಂದು.
ಉತ್ತರದಲ್ಲಿ ಕ್ಷೇಮಕ್ಕೂ ಮೊದಲು ಅಂಕಿ:
ಹದಿನಾರರವರೆಗೆ ಬಂತು.

ನಾನು ನಕ್ಕೆ. ನಮ್ಮ ಇಡೀ ವಿನ್ಯಾಸ ಇಲ್ಲೇ ಇದೆಯಲ್ಲ!
ಅವನು ನಗಲಿಲ್ಲ.

ಒಂದು ಖಾನೆ ಉಳಿದಿತ್ತು:
ಎಷ್ಟು ಸಲ ಕಳಿಸಿ ಕೈಬಿಡಬೇಕು?
ಕೈಪಿಡಿಯಲ್ಲಿ ಹತ್ತು. ನಾನೂ ಹತ್ತು ಎಂದು ಬರೆದೆ.
ಇಪ್ಪತ್ತಮೂರನ್ನು ಅಮ್ಮ ನಲವತ್ತೊಂದು ಸಲ ಕಳಿಸಿದಳು,
ಎಂದ, ಹಲಗೆಯ ಕಡೆ ತಿರುಗಿಯೇ.
ಇಪ್ಪತ್ತನಾಲ್ಕನ್ನು ಬರೆಯಲೇ ಇಲ್ಲ.

ಕೆಳಗೆ ಬೀದಿಯಲ್ಲಿ ಕೊತ್ತು ರೊಟ್ಟಿ ಕೊಚ್ಚುವ ತಗಡಿನ ಸದ್ದು.
ಹತ್ತನ್ನು ಅಳಿಸುವಂತಿಲ್ಲ. ಸರತಿ ಕಟ್ಟಿಕೊಳ್ಳುತ್ತದೆ,
ಹಿಂದೆ ನಿಂತವರೂ ರಕ್ತಕ್ಕೇ ಕಾದವರು.
ಅದರ ಕೆಳಗೆ ಇನ್ನೊಂದು ಚೌಕ ಎಳೆದೆವು:
ತಲುಪದವು ಇಲ್ಲಿರಲಿ. ಯಂತ್ರ ಅಳಿಸಕೂಡದು.
ಬೆಳಿಗ್ಗೆ ಯಾರಾದರೂ, ಮನುಷ್ಯರೇ, ಬಂದು
ಒಂದೊಂದಾಗಿ ಓದಬೇಕು.

ಇದಕ್ಕೆ ಹೆಸರು? ಎಂದೆ.
ಸತ್ತ ಕಾಗದಗಳು ಅನ್ನುತ್ತದೆ ಕೈಪಿಡಿ.
ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ತೆಗೆದ.
ಬರೀ ೨೩ ಎಂದು ಬರೆದು
ಬಸ್ಸಿಗೆ ಹೊತ್ತಾಯಿತು ಅಂದ.